ಪಠ್ಯದಿಂದ ಸಂಖ್ಯೆ ಹೆಕ್ಕಲು ಪ್ರೆಗ್ ಮ್ಯಾಚ್: ಹನ್ನೆರಡು ವರ್ಷ ಬಳಸಿದ ಮೇಲೆ

ವೆಬ್‌ಸೈಟ್ ಬರೆಯುವ ಪಿಎಚ್‌ಪಿ ಭಾಷೆಯಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಬಳಸಿದ ಫಂಕ್ಷನ್ ಪ್ರೆಗ್ ಮ್ಯಾಚ್ (preg_match). ನಾವು ಕೊಟ್ಟ ಪ್ಯಾಟರ್ನ್‌ಗೆ, ಅಂದರೆ ಮಾದರಿಗೆ, ಹೊಂದುವ ಭಾಗವನ್ನು ಅದು ಪಠ್ಯದಲ್ಲಿ ಹುಡುಕುತ್ತದೆ. ನನ್ನ ಕೆಲಸವೇ ಹಾಗೆ. ಮೇಲ್‌ನಲ್ಲಿ ಬಂದ ಆರ್ಡರ್, ಯಾರೋ ಟೈಪ್ ಮಾಡಿದ ಅಳತೆ, ಹಳೆಯ ಲಾಗ್ ಫೈಲು, ಇವುಗಳೊಳಗಿನ ಸಂಖ್ಯೆಯನ್ನು ಹೆಕ್ಕಿ ಡೇಟಾಬೇಸ್‌ಗೆ ಹಾಕಬೇಕು.

ಮೊದಮೊದಲು ಇದನ್ನು ಬಳಸುತ್ತಿರಲಿಲ್ಲ. ಸುಲಭದ ದಾರಿ ಇತ್ತಲ್ವಾ? ಪ್ರೆಗ್ ರಿಪ್ಲೇಸ್ ಹಾಕಿ ಅಂಕಿಯಲ್ಲದ್ದನ್ನೆಲ್ಲ ಅಳಿಸಿದರೆ ಆಯಿತು, ಒಂದೇ ಸಾಲು. ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆಯಿತು. ಒಂದು ದಿನ “3 ಪೆಟ್ಟಿಗೆ, ತಲಾ 45 ಬೋಲ್ಟ್” ಎಂದು ಬಂತು. ಡೇಟಾಬೇಸ್‌ನಲ್ಲಿ 345 ಹೋಗಿ ಕೂತಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ನಡುವಿನ ಅಕ್ಷರ ಹೋದ ಮೇಲೆ ಅಂಕಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅದನ್ನು ಪತ್ತೆ ಹಚ್ಚಲು ಎರಡು ದಿನ ಹಿಡಿಯಿತು.

ಉಳಿದ ದಾರಿಗಳನ್ನೂ ನೋಡಿದ್ದೇನೆ. ಪಠ್ಯವನ್ನು ಪೂರ್ಣಾಂಕ ಮಾಡುವ ಇಂಟ್‌ವಾಲ್‌ಗೆ ಸಂಖ್ಯೆ ಮೊದಲಲ್ಲೇ ಇರಬೇಕು. “12 ಕೆಜಿ” ಕೊಟ್ಟರೆ 12 ಬರುತ್ತದೆ, “ತೂಕ 12” ಕೊಟ್ಟರೆ 0. ಆ ಸೊನ್ನೆ ನಿಜವಾಗಿ ಸೊನ್ನೆಯೋ, ಏನೂ ಸಿಗಲಿಲ್ಲ ಅನ್ನುವ ಸೊನ್ನೆಯೋ ತಿಳಿಯುವುದೇ ಇಲ್ಲ. “1,250” ಕೊಟ್ಟರೆ ಅಲ್ಪವಿರಾಮದಲ್ಲೇ ನಿಂತು 1 ಅನ್ನುತ್ತದೆ. ಫಿಲ್ಟರ್ ವಾರ್‌ನಲ್ಲಿ ದಶಮಾಂಶ ಸಂಖ್ಯೆಯನ್ನು ಶುದ್ಧಗೊಳಿಸುವಾಗ ಚುಕ್ಕೆ ಉಳಿಸುವ ಫ್ಲ್ಯಾಗ್ (ಹೆಚ್ಚುವರಿ ಸೂಚನೆ) ಮರೆತರೆ 12.50 ಹೋಗಿ 1250 ಆಗುತ್ತದೆ. ನೂರು ಪಟ್ಟು ತಪ್ಪು, ಅದೂ ಸದ್ದಿಲ್ಲದೆ.

ಪ್ರೆಗ್ ಮ್ಯಾಚ್ ನನಗೆ ಇಷ್ಟವಾಗುವುದು ಇಲ್ಲೇ. ಯಾವ ಸಂಖ್ಯೆ ಬೇಕು ಅಂತ ಅದಕ್ಕೆ ನಾವೇ ಹೇಳಬೇಕು. ಆ ಪೆಟ್ಟಿಗೆ-ಬೋಲ್ಟ್ ಸಾಲಿಗೆ ಸುಮ್ನೆ [0-9]+ (ಒಂದೋ ಹೆಚ್ಚೋ ಅಂಕಿ) ಕೊಟ್ಟರೆ ಮೊದಲು ಸಿಕ್ಕ ಸಂಖ್ಯೆ, ಅಂದರೆ 3. “ತಲಾ ([0-9]+)” ಕೊಟ್ಟರೆ 45. ಎಲ್ಲವೂ ಬೇಕಿದ್ದರೆ ಪ್ರೆಗ್ ಮ್ಯಾಚ್ ಆಲ್ ಇದೆ. ದಶಮಾಂಶ ಬರಬಹುದಾದರೆ ನಾನು [0-9]+(\.[0-9]+)? ಎಂದು ಬರೆಯುತ್ತೇನೆ.

ಹೊಂದುವ ಭಾಗ ಸಿಕ್ಕರೆ 1, ಸಿಗದಿದ್ದರೆ 0, ಪ್ಯಾಟರ್ನ್‌ನಲ್ಲೇ ತಪ್ಪಿದ್ದರೆ ಫಾಲ್ಸ್ ವಾಪಸ್ ಬರುತ್ತದೆ. ಸಿಕ್ಕ ಸಂಖ್ಯೆ ಬೇರೆ ಅರೇಯಲ್ಲಿ (ಪಟ್ಟಿಯಲ್ಲಿ) ಇರುತ್ತದೆ. ಹಾಗಾಗಿ ಸಂಖ್ಯೆಯೇ ಇಲ್ಲದ ಸಾಲನ್ನು ಸೊನ್ನೆ ಇರುವ ಸಾಲಿನಿಂದ ಬೇರೆ ಮಾಡಬಹುದು. 1 ಬಂದಿದೆಯಾ ಅಂತ ನೋಡದೆ ಅರೇಗೆ ಕೈ ಹಾಕಬೇಡಿ.

ನಮ್ಮ ಲಿಪಿಯ ಅಂಕಿಗಳ ಬಗ್ಗೆ ಒಂದು ಮಾತು. “೪೫” ಎಂದು ಟೈಪ್ ಮಾಡಿದರೆ [0-9]ಗೆ ಅದು ಕಾಣುವುದಿಲ್ಲ. ಯುನಿಕೋಡ್‌ನ ಯು ಫ್ಲ್ಯಾಗ್ ಜೊತೆ, ‘ಯಾವುದೇ ಅಂಕಿ’ ಅನ್ನುವ ಬ್ಯಾಕ್‌ಸ್ಲ್ಯಾಶ್ ಡಿ (\d) ಬಳಸಿದರೆ ಸಿಗುತ್ತದೆ, ಆದರೆ ಅದನ್ನು ಇಂಟ್‌ವಾಲ್‌ಗೆ ಕೊಟ್ಟರೆ ಮತ್ತೆ 0. ಅದಕ್ಕೇ ನಾನು ಮೊದಲು ಸ್ಟ್ರಿಂಗ್ ಟ್ರಾನ್ಸ್‌ಲೇಟ್ ಫಂಕ್ಷನ್‌ನಿಂದ ೦ಯಿಂದ ೯ರವರೆಗಿನ ಅಂಕಿಗಳನ್ನು 0–9ಕ್ಕೆ ಬದಲಿಸಿ, ಆಮೇಲೆ ಹುಡುಕುತ್ತೇನೆ.

ಬಾಳಿಕೆಗೆ ಪೂರ್ತಿ ಅಂಕ. 2015ರಲ್ಲಿ ಪಿಎಚ್‌ಪಿ 7.0 ಬಂದಾಗ ಇದೇ ಕೆಲಸ ಮಾಡುತ್ತಿದ್ದ ಹಳೆಯ ಎರೆಗ್ ಫಂಕ್ಷನ್‌ಗಳನ್ನು ತೆಗೆದೇಬಿಟ್ಟರು. ಅವನ್ನು ಬಳಸಿದ್ದ ಕೋಡನ್ನೆಲ್ಲ ಕೂತು ತಿದ್ದಬೇಕಾಯಿತು. ಪ್ರೆಗ್ ಮ್ಯಾಚ್ ಬಳಸಿದ್ದ ನನ್ನ ಸಾಲುಗಳು ಪಿಎಚ್‌ಪಿ 8ರಲ್ಲೂ ಹಾಗೇ ಓಡುತ್ತಿವೆ.

ಅರ್ಧ ಸ್ಟಾರ್ ಕಡಿಮೆ ಕೊಡುವುದು ಓದುವ ಕಷ್ಟಕ್ಕೆ. ಆರು ತಿಂಗಳು ಬಿಟ್ಟು ನೋಡಿದರೆ ನಾನೇ ಬರೆದ ಪ್ಯಾಟರ್ನ್ ಬಿಡಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಈಗ ಪ್ರತಿ ಪ್ಯಾಟರ್ನ್ ಮೇಲೂ ಅದು ಹಿಡಿಯಬೇಕಾದ ಒಂದು ಸಾಲು, ಬಿಡಬೇಕಾದ ಒಂದು ಸಾಲು, ಎರಡನ್ನೂ ಕಾಮೆಂಟ್‌ನಲ್ಲಿ ಬರೆದಿಡುತ್ತೇನೆ.