ಲೋಕ ಅಳಿದ ಮೇಲೆ: ಮೂರು ಕಾದಂಬರಿಗಳು, ನನಗೆ ಉಳಿದದ್ದು ಒಂದು

ಕಳೆದ ಮಳೆಗಾಲದಲ್ಲಿ ಹಳೆಯ ಪುಸ್ತಕಗಳ ಅಂಗಡಿಯೊಂದರಿಂದ ಮೂರು ಕಾದಂಬರಿಗಳನ್ನು ಒಟ್ಟಿಗೆ ತಂದೆ: ಜಾರ್ಜ್ ಆರ್. ಸ್ಟೂವರ್ಟರ ‘ಅರ್ಥ್ ಅಬೈಡ್ಸ್’ (1949), ನೆವಿಲ್ ಶೂಟರ ‘ಆನ್ ದ ಬೀಚ್’ (1957) ಮತ್ತು ವಾಲ್ಟರ್ ಮಿಲ್ಲರರ ‘ಎ ಕ್ಯಾಂಟಿಕಲ್ ಫಾರ್ ಲೀಬೋವಿಟ್ಸ್’ (1959). ಮೂರರಲ್ಲಿಯೂ ನಮ್ಮ ನಾಗರಿಕತೆಯ ಅಂತ್ಯವೇ ವಸ್ತು. ಎಲ್ಲವನ್ನೂ ಓದಿ ಮುಗಿಸಿದ ಮೇಲೆ ಹಾಸಿಗೆಯ ಪಕ್ಕದಲ್ಲಿ ಉಳಿದಿರುವುದು ಸ್ಟೂವರ್ಟರ ಪುಸ್ತಕ ಮಾತ್ರ.

ಮಿಲ್ಲರರ ಕಾದಂಬರಿಯ ಮೇಲೆ ನನಗೆ ಹೆಚ್ಚಿನ ಆಸೆಯಿತ್ತು. ಅಣುಯುದ್ಧದ ನಂತರ ಜನರು ವಿದ್ವಾಂಸರನ್ನು ಕೊಂದು ಪುಸ್ತಕಗಳನ್ನು ಸುಟ್ಟಿರುತ್ತಾರೆ. ಅಳಿದುಳಿದ ಹಾಳೆಗಳನ್ನು ಅಮೆರಿಕದ ನೈಋತ್ಯ ಭಾಗದ ಮರುಭೂಮಿಯ ಮಠವೊಂದು ಶತಮಾನಗಳ ಕಾಲ ಕಾಪಾಡುತ್ತದೆ. ಹಳೆಯ ಇಂಜಿನಿಯರೊಬ್ಬ ಬರೆದಿಟ್ಟ ದಿನಸಿ ಪಟ್ಟಿಯೂ ಅಲ್ಲಿ ಪವಿತ್ರ ಅವಶೇಷವಾಗುತ್ತದೆ. ಅವನ ನಕ್ಷೆಯೊಂದನ್ನು, ಅದು ಏನೆಂದು ತಿಳಿಯದೆಯೇ, ಸನ್ಯಾಸಿಯೊಬ್ಬ ಹದಿನೈದು ವರ್ಷ ಕುಳಿತು ಬಣ್ಣ, ಬಂಗಾರಗಳಿಂದ ನಕಲು ಮಾಡುತ್ತಾನೆ. ಇದಕ್ಕಿಂತ ಒಳ್ಳೆಯ ಕಲ್ಪನೆ ಉಳಿದೆರಡರಲ್ಲಿ ಇಲ್ಲ.

ಆದರೆ ಲ್ಯಾಟಿನ್ ನನ್ನನ್ನು ಸೋಲಿಸಿತು. ಪ್ರಾರ್ಥನೆಗಳಲ್ಲಿ, ಸನ್ಯಾಸಿಗಳ ಮಾತಿನಲ್ಲಿ, ಕೆಲವೆಡೆ ಪ್ರಸಂಗದ ತಿರುವಿನಲ್ಲಿಯೇ ಲ್ಯಾಟಿನ್ ವಾಕ್ಯಗಳು ಬರುತ್ತವೆ, ಮತ್ತು ನನಗೆ ಸಿಕ್ಕ ಪ್ರತಿಯಲ್ಲಿ ಒಂದಕ್ಕೂ ಅರ್ಥ ಕೊಟ್ಟಿರಲಿಲ್ಲ. ಸಂಸ್ಕೃತ ಶ್ಲೋಕವಾದರೆ ಅರ್ಧ ಅರ್ಥವಾದರೂ ಕಿವಿಗೆ ಬೀಳುತ್ತದೆ; ಇಲ್ಲಿ ಅದೂ ಇಲ್ಲ.

ಮೊದಮೊದಲು ಪ್ರತಿ ವಾಕ್ಯವನ್ನೂ ಫೋನಿನಲ್ಲಿ ಹುಡುಕಿದೆ, ಅರ್ಥವನ್ನು ಪೆನ್ಸಿಲಿನಿಂದ ಅಂಚಿನಲ್ಲಿ ಬರೆದುಕೊಂಡೆ. ರಾತ್ರಿ ಮಲಗುವ ಮುನ್ನ ಅರ್ಧ ಗಂಟೆ ಮಾತ್ರ ಓದುವ ನನಗೆ ಹೀಗೆ ದಿನಕ್ಕೆ ನಾಲ್ಕು ಪುಟವೂ ಸಾಗಲಿಲ್ಲ. ಬಿಟ್ಟು ಓದೋಣವೆಂದರೆ, ಬಿಟ್ಟ ವಾಕ್ಯದಲ್ಲಿಯೇ ಮುಖ್ಯವಾದದ್ದೇನೋ ಇತ್ತೆಂಬ ಅನುಮಾನ ಕಾಡುತ್ತಿತ್ತು. ಮೂರನೆಯ ಭಾಗಕ್ಕೆ ಬರುವಷ್ಟರಲ್ಲಿ ಮೊದಲ ಭಾಗದ ಬಿಸಿ ಆರಿಹೋಗಿತ್ತು.

ಶೂಟರದು ಸಲೀಸಾದ ಓದು. ಉತ್ತರಾರ್ಧಗೋಳದ ಅಣುಯುದ್ಧದ ವಿಕಿರಣವು ದಕ್ಷಿಣಕ್ಕೆ ಹರಡುತ್ತಿರುವಾಗ ಮೆಲ್ಬರ್ನಿನ ಜನ ಮುಂದಿನ ವರ್ಷ ತಾವು ಕಾಣದ ತೋಟಕ್ಕೆ ಗಿಡ ನೆಡುತ್ತಾರೆ. ಮತ್ತೊಮ್ಮೆ ಓದುವ ಧೈರ್ಯ ನನಗಿಲ್ಲ.

‘ಅರ್ಥ್ ಅಬೈಡ್ಸ್’ನಲ್ಲಿ ಬಾಂಬಿಲ್ಲ, ಶತ್ರುವಿಲ್ಲ. ಬೆಟ್ಟದಲ್ಲಿ ಒಂಟಿಯಾಗಿದ್ದಾಗ ಹಾವು ಕಚ್ಚಿ ಚೇತರಿಸಿಕೊಂಡ ಯುವಕ ಇಷ್ ಕೆಳಗಿಳಿದು ಬಂದಾಗ ರೋಗವೊಂದು ಬಹುತೇಕ ಎಲ್ಲರನ್ನೂ ಕೊಂದಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ತೀರದಲ್ಲಿ ಉಳಿದ ಕೆಲವರು ಸಂಸಾರ ಕಟ್ಟುತ್ತಾರೆ. ಇಪ್ಪತ್ತು ವರ್ಷ ದಾಟಿದರೂ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ. ಅದು ಎಲ್ಲಿಂದ ಬರುತ್ತದೆಂದು ಯಾರೂ ನೋಡಹೋಗುವುದಿಲ್ಲ. ಒಂದು ದಿನ ನೀರು ನಿಲ್ಲುತ್ತದೆ. ಆ ಪುಟವನ್ನು ಓದಿದ ರಾತ್ರಿ ಎದ್ದು ಹೋಗಿ ಅಡುಗೆಮನೆಯ ನಲ್ಲಿಯನ್ನು ತಿರುಗಿಸಿ ನೋಡಿದ್ದೇನೆ.

ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಇಷ್ ಜತನದಿಂದ ಕಾಯುತ್ತಾನೆ, ಆದರೆ ಮಕ್ಕಳಿಗೆ ಓದು ಬೇಕಿಲ್ಲ. ಓದಿನಲ್ಲಿ ಆಸಕ್ತಿಯಿದ್ದ ಒಬ್ಬನೇ ಮಗ ಜೋಯಿ ಟೈಫಾಯಿಡ್‌ನಿಂದ ಸಾಯುತ್ತಾನೆ. ಆಮೇಲೆ ಇಷ್ ಪಾಠ ಬಿಟ್ಟು ಬಿಲ್ಲು ಮಾಡುವುದನ್ನು ಕಲಿಸುತ್ತಾನೆ. ಮಿಲ್ಲರರಲ್ಲಿ ಪುಸ್ತಕ ಉಳಿಸಲು ಒಂದು ಇಡೀ ಮಠವಿದೆ. ಇಲ್ಲಿ ಒಬ್ಬ ತಂದೆ ಮಾತ್ರ ಇದ್ದಾನೆ, ಅವನೂ ಕೈಚೆಲ್ಲುತ್ತಾನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸೋಲು.

ಲ್ಯಾಟಿನ್ ಬಲ್ಲವರು, ಅಥವಾ ಅರ್ಥ ಹುಡುಕುತ್ತ ಓದುವ ಪುರುಸೊತ್ತಿರುವವರು ಮಿಲ್ಲರರನ್ನು ಕೊಳ್ಳಲಿ. ಮೂರರಲ್ಲಿ ಒಂದನ್ನೇ ಕೊಳ್ಳುವವರಿಗೆ ನಾನು ಹೇಳುವುದು ಸ್ಟೂವರ್ಟರ ಹೆಸರನ್ನೇ. ನನ್ನ ಪ್ರತಿಯ ಅಂಟು ಬಿಟ್ಟು ಹಾಳೆಗಳು ಕಳಚಿದ್ದವು. ಕಳೆದ ವಾರ ಅದಕ್ಕೆ ಹೊಲಿಗೆ ಹಾಕಿಸಿ, ಕ್ಯಾಲಿಕೊ ಬಟ್ಟೆಯ ರಟ್ಟು ಕಟ್ಟಿಸಿದೆ.