ಕ್ರಿಸ್‌ಮಸ್‌ಗೆ ಯಾವುದನ್ನು ಹಾಕೋಣ: ಹ್ಯಾಂಡಲ್‌ನ ಮೆಸ್ಸಾಯವೋ, ಬಾಖ್‌ನ ಒರಟೋರಿಯೊವೋ?

ಡಿಸೆಂಬರ್ ಬಂತು ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪ್ಲೇಲಿಸ್ಟ್‌ಗಳಲ್ಲಿ ಹ್ಯಾಂಡಲ್‌ನ 'ಮೆಸ್ಸಾಯ' ಮೇಲೆ ಬಂದು ಕೂರುತ್ತದೆ. ಯಾರನ್ನು ಕೇಳಿದರೂ ಅದೇ ಹೆಸರು. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮೆಸ್ಸಾಯ ದೊಡ್ಡ ಕೃತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ರಿಸ್‌ಮಸ್‌ಗೆ ಅಂತಲೇ ಒಂದನ್ನು ಆರಿಸಿ ಅಂದರೆ ನನ್ನ ವೋಟು ಬಾಖ್‌ನ 'ಕ್ರಿಸ್‌ಮಸ್ ಒರಟೋರಿಯೊ'ಗೆ. ಎರಡನ್ನೂ ಹಳೆಯ, ಹೊಸ ರೆಕಾರ್ಡಿಂಗ್‌ಗಳಲ್ಲಿ ಪಕ್ಕಪಕ್ಕ ಇಟ್ಟು ಕೇಳಿ, ನಡುವೆ ಕೊರೆಲ್ಲಿ, ಬೆಂಜಮಿನ್ ಬ್ರಿಟನ್, ಸೇನ್-ಸಾನ್ಸ್ ಎಂಬ ಸಂಗೀತಕಾರರನ್ನೂ ಎಳೆದು ತಂದು ನೋಡಿದ ಮೇಲೆ ಹೇಳುತ್ತಿದ್ದೇನೆ.

ಒರಟೋರಿಯೊ ಗೊತ್ತಿಲ್ಲದವರಿಗೆ ಒಂದು ಮಾತು. ವೇಷವಿಲ್ಲ, ಪರದೆಯಿಲ್ಲ, ಕುಣಿತವಿಲ್ಲ. ಒಂದು ಕಾಯರ್ ಅಂದರೆ ಹಾಡುವವರ ತಂಡ, ನಾಲ್ಕೈದು ಒಂಟಿ ಗಾಯಕರು, ಒಂದು ಆರ್ಕೆಸ್ಟ್ರಾ. ಇಷ್ಟರಲ್ಲೇ ಕಥೆ ನಡೆಯಬೇಕು.

ಈಗ ಮೆಸ್ಸಾಯದ ಜಾತಕ ನೋಡೋಣ. ಹ್ಯಾಂಡಲ್ ಇದನ್ನು ಲಂಡನ್‌ನಲ್ಲಿ 1741ರ ಆಗಸ್ಟ್ 22ರಿಂದ ಸೆಪ್ಟೆಂಬರ್ 14ರ ಒಳಗೆ ಬರೆದು ಮುಗಿಸಿದ. ಸಾಹಿತ್ಯ ಚಾರ್ಲ್ಸ್ ಜೆನ್ನೆನ್ಸ್ ಆರಿಸಿ ಜೋಡಿಸಿದ ಬೈಬಲ್ ವಾಕ್ಯಗಳು. ಮೊದಲ ಪ್ರದರ್ಶನ ನಡೆದದ್ದು ಡಬ್ಲಿನ್‌ನಲ್ಲಿ, 1742ರ ಏಪ್ರಿಲ್ 13ರಂದು. ಏಪ್ರಿಲ್ ಅಂದರೆ ಈಸ್ಟರ್ ಹೊತ್ತು, ಕ್ರಿಸ್‌ಮಸ್‌ನ ಸುಳಿವೂ ಇಲ್ಲ. ಸಭಾಂಗಣದಲ್ಲಿ ಜಾಸ್ತಿ ಜನ ಹಿಡಿಸಲಿ ಅಂತ ಹೆಂಗಸರು ಲಂಗದೊಳಗಿನ ಅಗಲದ ಬಳೆ ಬಿಟ್ಟು ಬರಬೇಕು, ಗಂಡಸರು ಕತ್ತಿ ಬಿಟ್ಟು ಬರಬೇಕು ಎಂದು ಮೊದಲೇ ಕೇಳಿಕೊಂಡಿದ್ದರಂತೆ. ಬಂದ ಹಣ ಸಾಲ ತೀರಿಸಲಾಗದೆ ಜೈಲಿನಲ್ಲಿದ್ದವರಿಗೂ ಆಸ್ಪತ್ರೆಗಳಿಗೂ ಹೋಯಿತು. ಹ್ಯಾಂಡಲ್ ಬದುಕಿರುವ ತನಕ ಇದು ಹೆಚ್ಚಾಗಿ ಈಸ್ಟರ್ ಮುಂಚಿನ ವಾರಗಳ ಸಂಗೀತವೇ ಆಗಿತ್ತು.

ಕೃತಿಯಲ್ಲಿ ಮೂರು ಭಾಗ. ಕ್ರಿಸ್ತನ ಹುಟ್ಟು ಬರುವುದು ಮೊದಲ ಭಾಗದಲ್ಲಿ ಮಾತ್ರ. ಎರಡನೆಯದು ಯಾತನೆ, ಶಿಲುಬೆ, ಮೂರನೆಯದು ಪುನರುತ್ಥಾನದ ನಂಬಿಕೆ. ಎಲ್ಲರಿಗೂ ಗೊತ್ತಿರುವ ಆ 'ಹಾಲೆಲೂಯ' ಕೋರಸ್ ಬರುವುದು ಎರಡನೇ ಭಾಗದ ಕೊನೆಗೆ, ಅಂದರೆ ಗೋದಲಿ, ಕುರುಬರು, ದೇವದೂತರು ಎಲ್ಲ ಮುಗಿದು ಎಷ್ಟೋ ಹೊತ್ತಾದ ಮೇಲೆ. ಕ್ರಿಸ್‌ಮಸ್ ಕಾರ್ಯಕ್ರಮಗಳಲ್ಲಿ ಮೊದಲ ಭಾಗ ಹಾಡಿ, ಕೊನೆಗೆ ಹಾಲೆಲೂಯ ಅಂಟಿಸಿ ಮುಗಿಸುವುದು ಇದಕ್ಕೇ. ತಪ್ಪು ಅನ್ನಲಾರೆ, ಆದರೆ ಹೊಲಿಗೆ ಕಾಣುತ್ತದೆ. ಹಾಲೆಲೂಯಕ್ಕೆ ಎಲ್ಲರೂ ಎದ್ದು ನಿಲ್ಲುವುದು ಇನ್ನೊಂದು. ಎರಡನೇ ಜಾರ್ಜ್ ದೊರೆ ಎದ್ದು ನಿಂತಿದ್ದನಂತೆ, ಅದಕ್ಕೇ ಈ ರೂಢಿ ಎಂಬ ಕಥೆಗೆ ಆ ಕಾಲದ ಗಟ್ಟಿ ಸಾಕ್ಷಿ ಇಲ್ಲ. ಹಿಂದಿನ ಸಾಲಿನಲ್ಲಿ ಕೂತವರಿಗೆ ವೇದಿಕೆ ಕಾಣುವುದಿಲ್ಲ ಅನ್ನುವುದು ಮಾತ್ರ ಗಟ್ಟಿ ಸತ್ಯ.

ಇಷ್ಟೆಲ್ಲ ಹೇಳಿದ ಮೇಲೂ ಮೊದಲ ಭಾಗದ ಒಂದು ಕೋರಸ್ ಮುಂದೆ ನಾನು ಸೋಲುತ್ತೇನೆ. 'ಒಂದು ಮಗು ನಮಗಾಗಿ ಹುಟ್ಟಿದೆ' ಎಂಬ ಪ್ರವಾದಿ ಯೆಶಾಯನ ವಾಕ್ಯದ ಕೋರಸ್. ಶುರುವಿನಲ್ಲಿ ಎತ್ತರದ ದನಿಯ ಸೊಪ್ರಾನೊಗಳು ಹಗುರವಾಗಿ ಎತ್ತುತ್ತಾರೆ, ಗಂಡುದನಿಯ ಟೆನರ್‌ಗಳು ಹಿಡಿಯುತ್ತಾರೆ, ಒಂದೊಂದು ಗುಂಪು ಇನ್ನೊಂದರ ಬಾಲ ಹಿಡಿದು ಓಡುತ್ತದೆ, ದನಿ ಎಲ್ಲೂ ಏರುವುದಿಲ್ಲ. ಆಮೇಲೆ 'ಅದ್ಭುತನು, ಆಲೋಚನಾಕರ್ತನು' ಅನ್ನುವಲ್ಲಿ ನಾಲ್ಕೂ ಗುಂಪು ಒಟ್ಟಿಗೆ ಹೊಡೆಯುತ್ತವೆ, ಮೇಲೆ ವಯಲಿನ್‌ಗಳು ಸರಸರ ಓಡುತ್ತವೆ. ಎಷ್ಟು ಸಲ ಕೇಳಿದರೂ ಆ ಜಾಗದಲ್ಲಿ ಮೈ ಜುಮ್ ಅನ್ನುತ್ತದೆ. ತಮಾಷೆ ಏನು ಗೊತ್ತಾ? ಈ ಕೋರಸ್‌ನ ಸಂಗೀತ ಹ್ಯಾಂಡಲ್ ಅದೇ 1741ರ ಜುಲೈನಲ್ಲಿ ಬರೆದ ಒಂದು ಇಟಾಲಿಯನ್ ಯುಗಳಗೀತೆಯದು. ಅಲ್ಲಿನ ಮಾತು ಕುರುಡು ಪ್ರೇಮವೇ, ಕ್ರೂರ ಚೆಲುವೇ, ನಿಮ್ಮನ್ನು ನಂಬಲಾರೆ ಅನ್ನುವ ಅರ್ಥದ್ದು. ಪ್ರೇಮದ ಮೇಲಿನ ಮುನಿಸು ಎರಡು ತಿಂಗಳೊಳಗೆ ದೇವರ ಮಗುವಿನ ಜನನಗೀತೆ ಆಯಿತು.

ಯಾವ ರೆಕಾರ್ಡಿಂಗ್? ಇಲ್ಲಿ ಎರಡು ಪಂಗಡ. ಹ್ಯಾಂಡಲ್ ಸತ್ತ ಮೇಲೆ ಇಂಗ್ಲೆಂಡಿನಲ್ಲಿ ಮೆಸ್ಸಾಯ ಊದುತ್ತಾ ಹೋಯಿತು. 1784ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹಾಡುವವರು, ನುಡಿಸುವವರು ಸೇರಿ 500ಕ್ಕೂ ಜಾಸ್ತಿ ಜನ, ಮುಂದಿನ ಶತಮಾನದಲ್ಲಿ ಸಾವಿರಗಟ್ಟಲೆ. ಆ ದೊಡ್ಡಸ್ತಿಕೆಯ ರುಚಿ ಬೇಕಾದರೆ ಕಂಡಕ್ಟರ್ (ಆರ್ಕೆಸ್ಟ್ರಾ ನಡೆಸುವವ) ಥಾಮಸ್ ಬೀಚಮ್‌ನ 1959ರ ರೆಕಾರ್ಡಿಂಗ್ ಕೇಳಿ. ಅದರಲ್ಲಿ ಹಿತ್ತಾಳೆಯ ತಾಳಗಳು ಝಣ್ ಅನ್ನುತ್ತವೆ. ಹ್ಯಾಂಡಲ್ ಅವನ್ನೆಲ್ಲ ಬರೆದೇ ಇಲ್ಲ. ಒಮ್ಮೆ ಕೇಳಿ ನಕ್ಕು ಖುಷಿಪಡಬಹುದು, ಪ್ರತಿ ವರ್ಷ ಆಗದು. ಆಟೊ ಕ್ಲೆಂಪರರ್ 1964ರಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮಾಡಿದ್ದು ಗಂಭೀರ, ಗಟ್ಟಿ, ಆದರೆ ನಿಧಾನ. ಇದೇ ಫಿಲ್‌ಹಾರ್ಮೋನಿಯಾಕ್ಕೆ 1940ರ ದಶಕದ ಕೊನೆಗೆ ಕೈಯಲ್ಲಿ ಕಾಸಿಲ್ಲದಾಗ ಹಣ ಕೊಟ್ಟು ನಿಲ್ಲಿಸಿದವರಲ್ಲಿ ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಒಬ್ಬರು. ಆ ಅಭಿಮಾನಕ್ಕೆ ಅಂಕ ಕೊಟ್ಟರೂ ಕ್ಲೆಂಪರರ್ ನನ್ನ ಮೊದಲ ಆಯ್ಕೆ ಅಲ್ಲ.

ನನಗೆ ಹಿಡಿಸಿದ್ದು ಎರಡನೇ ಪಂಗಡ, ಅಂದರೆ ಹ್ಯಾಂಡಲ್ ಕಾಲದ ವಾದ್ಯಗಳು, ಚಿಕ್ಕ ಕಾಯರ್. ಕ್ರಿಸ್ಟೊಫರ್ ಹಾಗ್‌ವುಡ್‌ನದು 1980ರಲ್ಲಿ ಬಂತು. ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕೆಥೆಡ್ರಲ್‌ನ ಹುಡುಗರು ಸೊಪ್ರಾನೊ ಹಾಡುತ್ತಾರೆ, ಹ್ಯಾಂಡಲ್ 1754ರಲ್ಲಿ ಲಂಡನ್‌ನ ಅನಾಥಾಲಯದಲ್ಲಿ ಹಾಡಿಸಿದ ಆವೃತ್ತಿಯನ್ನು ಅನುಸರಿಸಿದ್ದಾರೆ. ತಿಳಿಯಾದ ದನಿ, ಹಗುರ ಹೆಜ್ಜೆ. ಟ್ರೆವರ್ ಪಿನಾಕ್‌ನ 1988ರದ್ದು ಇನ್ನೂ ಸ್ವಲ್ಪ ಕಳೆ ಜಾಸ್ತಿ, ಟ್ರಂಪೆಟ್ ಬಂದಾಗ ಹಬ್ಬದ ವಾತಾವರಣ. ಹೊಸಬರಿಗೆ ನಾನು ಕೊಡುವುದು ಪಿನಾಕ್.

ಈಗ ಬಾಖ್. ಇವನ ಒರಟೋರಿಯೊದ ಹುಟ್ಟೇ ಹಬ್ಬಕ್ಕೆ. ಲೈಪ್‌ಜಿಗ್‌ನಲ್ಲಿ 1734ರ ಕ್ರಿಸ್‌ಮಸ್‌ಗೆ ಶುರು, 1735ರ ಜನವರಿ 6ಕ್ಕೆ ಮುಕ್ತಾಯ. ಆರು ಭಾಗ, ಆರು ದಿನ: ಡಿಸೆಂಬರ್ 25, 26, 27, ಹೊಸ ವರ್ಷದ ದಿನ, ಅದರ ನಂತರದ ಭಾನುವಾರ, ಕೊನೆಗೆ ಮೂವರು ಜ್ಞಾನಿಗಳ ಹಬ್ಬ. ಒಂದೊಂದು ಭಾಗ ಸುಮಾರು ಅರ್ಧ ಗಂಟೆ. ಈಗ ಕಛೇರಿಗಳಲ್ಲಿ ಮೂರೋ ಆರೋ ಭಾಗ ಒಟ್ಟಿಗೆ ಮಾಡುತ್ತಾರೆ, ಹೋದವರಿಗೆ ಕೊನೆಕೊನೆಗೆ ಸುಸ್ತು. ಮನೆಯಲ್ಲಿ ಕೇಳುವವರಿಗೆ ಆ ತಾಪತ್ರಯ ಇಲ್ಲ. ದಿನಕ್ಕೊಂದು ಭಾಗ ಹಾಕಿದರೆ ಕಥೆ ಹಬ್ಬದ ಜೊತೆಗೇ ನಡೆಯುತ್ತದೆ. ಕುರುಬರು ಬರುವ ದಿನ ಕುರುಬರು ಬರುತ್ತಾರೆ, ಹೆರೋದ ದೊರೆ ಹೊಂಚು ಹಾಕುವ ದಿನ ಹೆರೋದ ಬರುತ್ತಾನೆ. ಮೆಸ್ಸಾಯದಲ್ಲಿ ಇದು ಸಿಗುವುದಿಲ್ಲ. ಅಲ್ಲಿ ಹೆಚ್ಚಿನ ಮಾತು ಪ್ರವಾದನೆ, ಕಥೆ ಕುರುಬರ ಹತ್ತಿರ ಸ್ವಲ್ಪ ಹೊತ್ತು ನಿಂತು ಮುಂದೆ ಹೋಗಿಬಿಡುತ್ತದೆ.

ಶುರುವೇ ನೋಡಿ. ಯಾವ ವಯಲಿನ್ನೂ ಇಲ್ಲ, ಯಾವ ಮುನ್ನುಡಿಯೂ ಇಲ್ಲ. ಟಿಂಪನಿ ಎಂಬ ಭೇರಿ ಒಂದೇ, ಐದು ಪೆಟ್ಟು. ಕೊಳಲು ಉತ್ತರ ಕೊಡುತ್ತದೆ, ಮತ್ತೆ ಟಿಂಪನಿ, ಓಬೋ ಎಂಬ ಊದುವಾದ್ಯ, ಆಮೇಲೆ ಟ್ರಂಪೆಟ್‌ಗಳು ಮೇಲಿಂದ ಧುಮುಕುತ್ತವೆ. ಡ್ರಮ್ಮಿಗೆ ಈ ಮರ್ಯಾದೆ ಯಾಕೆ ಅಂದರೆ, ಇದರ ಮೂಲ ಬೇರೆ. 1733ರ ಡಿಸೆಂಬರ್‌ನಲ್ಲಿ ಸ್ಯಾಕ್ಸನಿಯ ದೊರೆಯ ಹೆಂಡತಿ, ಪೋಲೆಂಡ್ ರಾಣಿಯ ಹುಟ್ಟುಹಬ್ಬಕ್ಕೆ ಬರೆದ ಹಾಡು, ಅದರ ಮೊದಲ ಮಾತೇ ಭೇರಿಗಳೇ ಮೊಳಗಿ, ಕಹಳೆಗಳೇ ಕೂಗಿ ಅಂತ. ರಾಣಿಯ ಹುಟ್ಟುಹಬ್ಬ ಒಂದು ದಿನ ನಡೆದು ಮುಗಿಯಿತು, ಅಷ್ಟು ಒಳ್ಳೆ ಸಂಗೀತ ಸುಮ್ನೆ ಪೆಟ್ಟಿಗೆಯಲ್ಲಿ ಕೊಳೆಯಬೇಕಾ? ಬಾಖ್ ಹೊಸ ಸಾಹಿತ್ಯ ಹಾಕಿ ಕ್ರಿಸ್‌ಮಸ್‌ಗೆ ತಂದ. ಹಸ್ತಪ್ರತಿಯಲ್ಲಿ ಕೈ ತಪ್ಪಿ ಹಳೆಯ ಮಾತನ್ನೇ ಬರೆದು ಆಮೇಲೆ ಹೊಡೆದುಹಾಕಿದ್ದಾನೆ.

ಎರಡನೇ ಭಾಗದ ಲಾಲಿಹಾಡಿನ ಕಥೆ ಇನ್ನೂ ಚೆನ್ನ. ಮಗು ಯೇಸುವನ್ನು ಮಲಗಿಸುವ ಈ ಆಲ್ಟೊ (ತಗ್ಗಿನ ಹೆಣ್ಣುದನಿ) ಹಾಡು ಮೊದಲು ಒಬ್ಬ ರಾಜಕುಮಾರನ ಹುಟ್ಟುಹಬ್ಬದ ಸಂಗೀತನಾಟಕದಲ್ಲಿತ್ತು. ಅಲ್ಲಿ ಅದನ್ನು ಹಾಡುವವಳು ಭೋಗದೇವತೆ. ದಾರಿ ಆರಿಸಲು ಕವಲಿನಲ್ಲಿ ನಿಂತ ಹರ್ಕ್ಯುಲೀಸ್‌ನನ್ನು ಮಲಗು ಮಲಗು ಅಂತ ಪುಸಲಾಯಿಸುತ್ತಾಳೆ. ಆ ಪುಸಲಾವಣೆಯೇ ಇಲ್ಲಿ ಜೋಗುಳ. ಗೊತ್ತಾದ ಮೇಲೂ ಹಾಡು ಕೆಡುವುದಿಲ್ಲ. ಹಳೇ ರಾಗಕ್ಕೆ ಹೊಸ ಮಾತು ಕಟ್ಟಿದ್ದರಲ್ಲಿ ಹ್ಯಾಂಡಲ್‌ಗಿಂತ ಬಾಖ್ ಒಂದು ಕೈ ಮೇಲು ಅಂತ ನನಗನ್ನಿಸುತ್ತದೆ.

ಬಾಖ್‌ನ ರೆಕಾರ್ಡಿಂಗ್‌ಗಳಲ್ಲೂ ಎರಡು ಪಂಗಡವೇ, ಆದರೆ ಇಲ್ಲಿ ನನ್ನ ಮನಸ್ಸು ಅಷ್ಟು ಸಲೀಸಾಗಿ ಹೊಸದರ ಕಡೆ ವಾಲುವುದಿಲ್ಲ. ಕಾರ್ಲ್ ರಿಕ್ಟರ್‌ನ 1965ರ ರೆಕಾರ್ಡಿಂಗ್ ಹಳೇ ಶೈಲಿ, ದೊಡ್ಡ ಕಾಯರ್, ಹೆಜ್ಜೆ ಭಾರ. ಅದರಲ್ಲಿ ಫ್ರಿಟ್ಸ್ ವುಂಡರ್‌ಲಿಖ್ ಟೆನರ್. ಮಾರನೇ ವರ್ಷ ತೀರಿಕೊಂಡ ಈ ಗಾಯಕನಿಗೆ ಆಗ 36 ಕೂಡ ತುಂಬಿರಲಿಲ್ಲ. ಕುರುಬರೇ ಓಡಿ ಬನ್ನಿ ಅನ್ನುವ ಅವನ ಹಾಡು ಕೇಳಿದರೆ ಬೇರೆ ಟೆನರ್‌ಗಳು ಯಾಕೋ ಸಪ್ಪೆ. ಜಾನ್ ಎಲಿಯಟ್ ಗಾರ್ಡಿನರ್‌ನ 1987ರದ್ದು ಇದಕ್ಕೆ ತದ್ವಿರುದ್ಧ. ಕೋರಸ್‌ಗಳು ಕುಣಿಯುತ್ತವೆ, ಪ್ರತಿ ಸ್ವರ ಕೆತ್ತಿದ ಹಾಗೆ ಸ್ಪಷ್ಟ. ಮಸಾಕಿ ಸುಜುಕಿಯ ಜಪಾನಿನ ತಂಡದ್ದು ಶಾಂತ, ಅಚ್ಚುಕಟ್ಟು, ರಾತ್ರಿ ಕೇಳುವುದಕ್ಕೆ ಹಿತ. ನಾನು ಕೋರಸ್‌ಗೆ ಗಾರ್ಡಿನರ್, ಒಂಟಿ ಹಾಡುಗಳಿಗೆ ರಿಕ್ಟರ್. ಒಂದೇ ಕೊಳ್ಳುವವರು ಗಾರ್ಡಿನರ್ ತೆಗೆದುಕೊಳ್ಳಿ.

ಬಾಖ್‌ಗೆ ಒಂದು ಮೈನಸ್ ಇದೆ, ಅದನ್ನು ಮುಚ್ಚಿಡಲ್ಲ. ಭಾಷೆ ಜರ್ಮನ್. ಮೆಸ್ಸಾಯ ಇಂಗ್ಲಿಷ್ ಆದ್ದರಿಂದ ಅಲ್ಲೊಂದು ಇಲ್ಲೊಂದು ಮಾತು ಕಿವಿಗೆ ಬೀಳುತ್ತದೆ, ಇಲ್ಲಿ ಏನೂ ಇಲ್ಲ. ಇದಕ್ಕೊಂದು ಸುಲಭ ಉಪಾಯ ಇದೆ. ಕನ್ನಡ ಬೈಬಲ್ ತೆಗೆದು ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಮುಂದಿಟ್ಟುಕೊಳ್ಳಿ, ಐದು ಮತ್ತು ಆರನೇ ಭಾಗಕ್ಕೆ ಮತ್ತಾಯನ ಎರಡನೇ ಅಧ್ಯಾಯ. ಟೆನರ್ ಹೇಳುತ್ತಾ ಹೋಗುವುದು ಆ ವಾಕ್ಯಗಳನ್ನೇ. ಜಾಗ ತಪ್ಪುವುದಿಲ್ಲ. ಇನ್ನೊಂದು ಮೈನಸ್ ನಾಲ್ಕನೇ ಭಾಗದ ಪ್ರತಿಧ್ವನಿ ಹಾಡು. ಸೊಪ್ರಾನೊ ಪ್ರಶ್ನೆ ಕೇಳುತ್ತಾಳೆ, ದೂರದಿಂದ ಇನ್ನೊಂದು ದನಿ 'ಇಲ್ಲ', 'ಹೌದು' ಅನ್ನುತ್ತದೆ. ಆ ಕಾಲಕ್ಕೆ ಅದು ಫ್ಯಾಷನ್ ಇದ್ದಿರಬಹುದು, ನನಗೆ ಪ್ರತಿ ಸಲ ನಗು ಬರುತ್ತದೆ.

ನಿಜವಾದ ಪಕ್ಕಪಕ್ಕದ ಪರೀಕ್ಷೆ ಬೇಕಾದರೆ ಕುರುಬರ ಸಂಗೀತ ತೆಗೆದುಕೊಳ್ಳಿ. ಕ್ರಿಸ್‌ಮಸ್ ಮುಂಚೆ ಬೆಟ್ಟದ ಕುರುಬರು ರೋಮ್‌ಗೆ ಇಳಿದು ಬಂದು ಬ್ಯಾಗ್‌ಪೈಪ್ ಊದುವ ಪದ್ಧತಿ ಇತ್ತು. ಆ ಗುಂಗನ್ನು ಕೊರೆಲ್ಲಿ, ಹ್ಯಾಂಡಲ್, ಬಾಖ್ ಮೂವರೂ ಹಿಡಿದಿದ್ದಾರೆ. ಕೊರೆಲ್ಲಿಯ 'ಕ್ರಿಸ್‌ಮಸ್ ಕನ್ಸರ್ಟೊ', ಓಪಸ್ 6 ಎಂಬ ಸಂಗ್ರಹದ ಎಂಟನೆಯದು, ಅವನು ಸತ್ತ ಮರುವರ್ಷ 1714ರಲ್ಲಿ ಅಚ್ಚಾಯಿತು. ಅದರ ಕೊನೆಯ ಭಾಗ ಈ ಕುರುಬರ ತೂಗಾಟ. ಹ್ಯಾಂಡಲ್ ಹರೆಯದಲ್ಲಿ ರೋಮ್‌ನಲ್ಲಿದ್ದ, 1708ರಲ್ಲಿ ಅವನದೇ ಒಂದು ಒರಟೋರಿಯೊಗೆ ಕೊರೆಲ್ಲಿ ಆರ್ಕೆಸ್ಟ್ರಾ ನಡೆಸಿದ್ದ. ಮೆಸ್ಸಾಯದ 'ಪಿಫಾ' ಎಂಬ ಚಿಕ್ಕ ತುಣುಕಿನಲ್ಲಿ ಆ ನೆನಪು ಕೇಳುತ್ತದೆ. ಕೆಳಗೆ ಒಂದೇ ಸ್ವರ ತಂಬೂರಿಯ ಶ್ರುತಿ ಹಾಗೆ ನಿಂತಿರುತ್ತದೆ, ಮೇಲೆ ವಯಲಿನ್‌ಗಳು ತೂಗುತ್ತವೆ. ನಮ್ಮ ಕಿವಿಗೆ ಇದು ತಕ್ಷಣ ಒಗ್ಗುತ್ತದೆ, ಅಲ್ವಾ? ಬಾಖ್ ಎರಡನೇ ಭಾಗದ ಶುರುವಿಗೆ ಬರೆದದ್ದು ಇದೇ ತೂಗಾಟ, ಆದರೆ ಅವನು ಎರಡು ಗುಂಪು ಮಾಡುತ್ತಾನೆ. ಕೊಳಲು, ವಯಲಿನ್ ಒಂದು ಕಡೆ, ನಾಲ್ಕು ಓಬೋಗಳು ಇನ್ನೊಂದು ಕಡೆ. ಮೇಲೆ ದೇವದೂತರು, ಕೆಳಗೆ ಕುರುಬರು. ಮೊದಲು ಬೇರೆ ಬೇರೆ ಮಾತಾಡುತ್ತಾರೆ, ಹೋಗ್ತಾ ಹೋಗ್ತಾ ಒಂದಾಗುತ್ತಾರೆ. ಹ್ಯಾಂಡಲ್‌ನದು ಚಂದದ ಚಿತ್ರ, ಬಾಖ್‌ನದರಲ್ಲಿ ಏನೋ ನಡೆಯುತ್ತದೆ. ಈ ಸುತ್ತಿನಲ್ಲಿ ಬಾಖ್ ಮೊದಲು, ಕೊರೆಲ್ಲಿ ಎರಡನೆಯವನು. ಕಾಲು ಗಂಟೆ ಮಾತ್ರ ಬಿಡುವಿದೆ ಅನ್ನುವವರಿಗೆ ಕೊರೆಲ್ಲಿಯೇ ಸರಿ.

ಉಳಿದವರನ್ನು ಬೇಗ ಮುಗಿಸುತ್ತೇನೆ. ಸೇನ್-ಸಾನ್ಸ್‌ನ 'ಒರಟೋರಿಯೊ ದ ನೊಯೆಲ್' 1858ರದ್ದು, ಬರೆದಾಗ ಅವನಿಗೆ 23 ವರ್ಷ. ತಂತಿವಾದ್ಯ, ಆರ್ಗನ್, ಹಾರ್ಪ್. ಸಿಹಿ, ಮೃದು, ಎಲ್ಲೂ ಚುಚ್ಚುವುದಿಲ್ಲ, ಅದೇ ತೊಂದರೆ. ಬ್ರಿಟನ್‌ನ 'ಎ ಸೆರಮನಿ ಆಫ್ ಕ್ಯಾರಲ್ಸ್' ಇದಕ್ಕಿಂತ ಎಷ್ಟೋ ಮೇಲು. 1942ರಲ್ಲಿ, ಯುದ್ಧದ ನಡುವೆ, ಅಮೆರಿಕದಿಂದ ಇಂಗ್ಲೆಂಡಿಗೆ ವಾಪಸ್ ಬರುವ ಹಡಗಿನಲ್ಲಿ ಬರೆಯತೊಡಗಿದ್ದು. ಆರ್ಕೆಸ್ಟ್ರಾವೇ ಇಲ್ಲ, ಮಕ್ಕಳ ದನಿ ಮತ್ತು ಒಂದು ಹಾರ್ಪ್ ಅಷ್ಟೇ. 'ದಿಸ್ ಲಿಟಲ್ ಬೇಬ್' ಎಂಬ ಹಾಡಿನಲ್ಲಿ ಮೂರು ಗುಂಪು ಒಂದರ ಹಿಂದೊಂದು ಅಟ್ಟಿಸಿಕೊಂಡು ಬರುತ್ತವೆ, ಒಂದೂವರೆ ನಿಮಿಷದಲ್ಲಿ ಉಸಿರು ಬಿಗಿಯುತ್ತದೆ. ಮಕ್ಕಳಿರುವ ಮನೆಗೆ ಮೊದಲು ಇದು. ಚೈಕೋವ್‌ಸ್ಕಿಯ 'ನಟ್‌ಕ್ರ್ಯಾಕರ್' ಬ್ಯಾಲೆ, ಇಲ್ಲಿ ಲೆಕ್ಕಕ್ಕಿಲ್ಲ ಅನ್ನಬೇಡಿ. ಅದರ ಹಿಮದ ಹಳಕುಗಳ ವಾಲ್ಟ್ಸ್‌ನಲ್ಲಿ ಮಾತಿಲ್ಲದ ಕೋರಸ್ ಬರುತ್ತದೆ. ಬರೀ ಸೂಟ್ (ಬ್ಯಾಲೆಯಿಂದ ಆಯ್ದ ತುಣುಕುಗಳು) ಕೇಳುವವರಿಗೆ ಅದು ಸಿಗುವುದೇ ಇಲ್ಲ, ಪೂರ್ತಿ ಬ್ಯಾಲೆ ಹಾಕಬೇಕು.

ಫೋನಿನಲ್ಲಿ ಕೇಳುವವರಿಗೆ ಕೊನೆಯ ಮಾತು. ಶಫಲ್ ಆಫ್ ಮಾಡಿ. ಹಾಡುಗಳ ನಡುವೆ ವಿರಾಮ ತುರುಕುವ ಸೆಟ್ಟಿಂಗ್ ಇದ್ದರೆ ಅದನ್ನೂ ತೆಗೆಯಿರಿ, ಇಲ್ಲದಿದ್ದರೆ ದೇವದೂತ ಮಾತು ಮುಗಿಸಿದ ತಕ್ಷಣ ನುಗ್ಗಬೇಕಾದ ಕೋರಸ್ ತಡವರಿಸಿಕೊಂಡು ಬರುತ್ತದೆ. ಡಿಸೆಂಬರ್ 25ಕ್ಕೆ ಬಾಖ್‌ನ ಮೊದಲ ಭಾಗ ಹಾಕಿ. ಮೆಸ್ಸಾಯವನ್ನು ಈಸ್ಟರ್‌ಗೆ ಇಟ್ಟುಕೊಳ್ಳಿ, ಮೂರೂ ಭಾಗ ಪೂರ್ತಿ.