ಗೋಬಿ ಪಾಸು, ಗ್ರೇವಿ ನಪಾಸು: ಐ.ಜಿ. ರಸ್ತೆಯ ಹೊಸ ಚೈನೀಸ್ ಹೋಟೆಲ್

ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಹೊಸದಾಗಿ ಶುರುವಾಗಿರುವ ಈ ಚೈನೀಸ್ ಹೋಟೆಲ್‌ನಲ್ಲಿ ಗೋಬಿ ಮಂಚೂರಿ ಕೆಂಪಗಿರುವುದಿಲ್ಲ. ಹಳೇ ಬೆಲ್ಲದಂಥ ಕಂದು ಬಣ್ಣ, ಅಂಚಿನಲ್ಲಿ ಚೂರು ಕಪ್ಪು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬ್‌ಗೂ. ಇಲ್ಲಿ ಅದನ್ನು ಪಾಲಿಸಿದ್ದಾರೆ. ಬಣ್ಣವೇನಿದ್ದರೂ ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿಯದು. ಅನುಮಾನವಿದ್ದವರು ಸಾಸ್ ಇಲ್ಲದ ಗೋಬಿ 65ರ ಒಂದು ತುಂಡನ್ನು ನೀರಿನ ಲೋಟಕ್ಕೆ ಹಾಕಿ ನೋಡಬಹುದು. ಮೆಣಸಿನಕಾಯಿಯ ಬಣ್ಣ ಎಣ್ಣೆಯ ಜೊತೆ ಮೇಲೆ ತೇಲುತ್ತದೆ. ನೀರಿನಲ್ಲಿ ಕರಗುವ ಪುಡಿ ಬಣ್ಣವಾಗಿದ್ದರೆ ಎಳೆ ಎಳೆಯಾಗಿ ಕೆಳಗಿಳಿದು ಲೋಟವಿಡೀ ಕೆಂಪಾಗುತ್ತದೆ.

ಅಡುಗೆಮನೆಗೆ ಗಾಜಿನ ಗೋಡೆ ಇರುವುದರಿಂದ ಕೆಲಸ ಕಣ್ಣಿಗೆ ಕಾಣುತ್ತದೆ. ಹೂಕೋಸನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಎರಡೇ ನಿಮಿಷ ಇಟ್ಟು, ಬಸಿದು, ಬಟ್ಟೆಯ ಮೇಲೆ ಹರಡುತ್ತಾರೆ. ಹಿಟ್ಟಿಗೆ ಮೈದಾ, ಕಾರ್ನ್‌ಫ್ಲೋರ್ ಸಮಸಮ. ಮೊದಲು ಮಧ್ಯಮ ಉರಿಯಲ್ಲಿ ಬಿಳಿಚಿಕೊಂಡಿರುವಾಗಲೇ ತೆಗೆಯುತ್ತಾರೆ. ಆರ್ಡರ್ ಬಂದಾಗ ಜೋರು ಉರಿಯಲ್ಲಿ ಒಂದು ನಿಮಿಷ ಮತ್ತೆ ಕರಿಯುತ್ತಾರೆ. ಒಮ್ಮೆ ಕರಿದಿಟ್ಟರೆ ಒಳಗಿನ ಹಬೆ ಹೊರಬಂದು ಮೇಲ್ಪದರ ಮೆತ್ತಗಾಗುತ್ತದೆ, ಎರಡನೇ ಸಲ ಆ ತೇವ ಹೋಗುತ್ತದೆ. ಮಳೆಗಾಲದಲ್ಲಿ ಹಪ್ಪಳವೇ ಹತ್ತು ನಿಮಿಷ ಗರಿಯಾಗಿ ನಿಲ್ಲದ ಊರು ನಮ್ಮದು. ಇಲ್ಲಿ ಎರಡು ಸಲ ಕರಿಯದೆ ಗತಿಯಿಲ್ಲ.

ಫ್ರೈಡ್ ರೈಸ್ ಚೆನ್ನಾಗಿದೆ, ಆದರೆ ವಾರ ನೋಡಿ ಹೋಗಬೇಕು. ಅನ್ನವನ್ನು ಮೊದಲೇ ಮಾಡಿ, ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್‌ಗೆ ಇಡುತ್ತಾರೆ, ಹಾಗಾಗಿ ಅಗುಳು ಅಗುಳಾಗಿ ಬಿಡಿಸಿಕೊಳ್ಳುತ್ತದೆ. ಸೋಯಾ ಸಾಸನ್ನು ಅನ್ನದ ಮೇಲೆ ಸುರಿಯದೆ ಬಾಣಲೆಯ ಕಾದ ಅಂಚಿಗೆ ಬಿಡುತ್ತಾರೆ. ಸಾಸ್ ಅಲ್ಲೇ ಚುರ್ ಎಂದು ಸುಟ್ಟು ಘಮ ಕೊಡುತ್ತದೆ, ಅನ್ನ ಒದ್ದೆಯಾಗುವುದಿಲ್ಲ. ಮಂಗಳವಾರ, ಬುಧವಾರ ಒಂದು ಬಾಣಲೆಗೆ ಎರಡು ಪ್ಲೇಟ್ ಮಾತ್ರ. ಶನಿವಾರ ಸಂಜೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಿಕೊಂಡು ಇಳಿದ ಕಾರುಗಳೆಲ್ಲ ಮುಂದೆ ಸಾಲು ನಿಂತಾಗ ಅದೇ ಬಾಣಲೆಗೆ ಐದು ಪ್ಲೇಟಿನ ಅನ್ನ ಬೀಳುತ್ತದೆ. ಬಾಣಲೆಯ ಕಾವು ಇಳಿದು, ಎಲೆಕೋಸು ನೀರು ಬಿಟ್ಟು, ಅನ್ನ ಹುರಿಯುವ ಬದಲು ಬೇಯುತ್ತದೆ. ಪ್ಲೇಟಿನ ತಳ ಒದ್ದೆಯಿದ್ದರೆ ಕಾರಣ ಇದೇ. ವಾರದ ದಿನ ಏಳೂವರೆಯೊಳಗೆ ಹೋದವರಿಗೆ ಸಿಗುವ ಊಟವೇ ಬೇರೆ.

ನೂಡಲ್ಸ್ ಬಗ್ಗೆ ದೂರಿಲ್ಲ. ಸಾವಿರ ಮೀಟರ್ ದಾಟಿದ ಎತ್ತರದಲ್ಲಿ ನೀರು 100 ಡಿಗ್ರಿಗೆ ಮೊದಲೇ, ಸುಮಾರು 96-97ಕ್ಕೆ ಕುದಿಯುವುದರಿಂದ ಪ್ಯಾಕೆಟ್ ಮೇಲೆ ಬರೆದ ಸಮಯ ಇಲ್ಲಿ ಸಾಲದು. ಅದು ಇವರಿಗೆ ಗೊತ್ತಿದೆ.

ಎಡವಿರುವುದು ಗ್ರೇವಿಯಲ್ಲಿ. ಅರ್ಧ ಲೀಟರ್ ಗ್ರೇವಿಗೆ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಧಾರಾಳ ಸಾಕು. ತಣ್ಣೀರಿನಲ್ಲಿ ಕದಡಿ, ಕುದಿಯುತ್ತಿರುವ ಗ್ರೇವಿಗೆ ಹಾಕಿ, ಮಬ್ಬು ಹೋಗಿ ಹೊಳಪು ಬರುವವರೆಗೆ ಒಂದು ನಿಮಿಷ ಕುದಿಸಬೇಕು. ಇವರು ಸೌಟಿನ ಲೆಕ್ಕದಲ್ಲಿ ಸುರಿದು ತಕ್ಷಣ ಇಳಿಸುತ್ತಾರೆ. ಬಾಯಿಗೆ ಹಸಿ ಹಿಟ್ಟಿನ ರುಚಿ. ಚಳಿಯ ರಾತ್ರಿ ಐದು ನಿಮಿಷ ಬಿಟ್ಟರೆ ಪನೀರ್ ಚಿಲ್ಲಿಯ ಗ್ರೇವಿ ಚಮಚದ ಜೊತೆ ಒಂದೇ ಮುದ್ದೆಯಾಗಿ ಏಳುತ್ತದೆ. ಏನು ಬೇಕಿದ್ದರೂ ಡ್ರೈ ಹೇಳುವುದು ಲೇಸು.

ಸೂಪ್ ಬೈಟು ಕೇಳಿದರೆ ಮುಖ ಸಿಂಡರಿಸದೆ ಎರಡು ಬಟ್ಟಲು ತರುತ್ತಾರೆ. ಮಂಚೋ ಸೂಪಿಗೆ ಕರಿದ ನೂಡಲ್ಸನ್ನು ಒಳಗೇ ಹಾಕಿ ತರುವುದು ತಪ್ಪು, ಟೇಬಲ್ಲಿಗೆ ಬರುವಷ್ಟರಲ್ಲಿ ನೆನೆದಿರುತ್ತದೆ. ಬೇರೆ ಕೊಡಿ ಅನ್ನಿ. ಹಾಟ್ ಅಂಡ್ ಸೋರ್‌ಗೆ ವಿನೆಗರ್ ಬೇಗ ಹಾಕಿ ಕುದಿಸುವುದರಿಂದ ಹುಳಿ ಹಾರಿಹೋಗಿರುತ್ತದೆ. ಮೇಜಿನ ಮೇಲಿರುವ ಹಸಿಮೆಣಸಿನಕಾಯಿ ವಿನೆಗರ್ ಅರ್ಧ ಚಮಚ ಬೆರೆಸಿದರೆ ಸರಿಹೋಗುತ್ತದೆ.

ಬಾಗಿಲ ಮೇಲಿನ ‘ಅಪ್ಪಟ ಚೀನಾ ರುಚಿ’ ಬೋರ್ಡು ಬೇಡವಾಗಿತ್ತು. ಮಂಚೂರಿಗೂ ಈಶಾನ್ಯ ಚೀನಾದ ಮಂಚೂರಿಯಾಕ್ಕೂ ಸಂಬಂಧವಿಲ್ಲ. 1970ರ ದಶಕದಲ್ಲಿ ಮುಂಬೈಯಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗ ಮಾಡಿದ ಚಿಕನ್ ಮಂಚೂರಿಯೇ ಇದರ ಮೂಲ ಎನ್ನುತ್ತಾರೆ. ಮೆನುವಿನ ಶೆಜ್ವಾನ್ ಕೂಡ ಬರೀ ಒಣಮೆಣಸು, ಬೆಳ್ಳುಳ್ಳಿ. ಚೀನಾದ ಸಿಚುವಾನ್‌ನವರು ಹಾಕುವ, ನಾಲಿಗೆ ಜುಮ್ಮೆನ್ನಿಸುವ ಕಾಳು ಅದರಲ್ಲಿಲ್ಲ. ಅದೇ ಕುಲದ ಜುಮ್ಮಿನ ಮರ ನಮ್ಮ ಮಲೆನಾಡಿನಲ್ಲೇ ಇದೆ, ಯಾರಾದರೂ ಪ್ರಯೋಗ ಮಾಡಬಾರದೇ!

ಸಸ್ಯಾಹಾರಿಗಳು ಗಮನಿಸಬೇಕಾದದ್ದೊಂದಿದೆ. ಬಾಣಲೆ ಬೇರೆ, ಎಣ್ಣೆ ಬೇರೆ, ನಿಜ. ಆದರೆ ಗಡಿಬಿಡಿಯಲ್ಲಿ ಸೌಟು ಮತ್ತು ಜಾಲರಿ ಆ ಕಡೆಯಿಂದ ಈ ಕಡೆ ಓಡಾಡುತ್ತವೆ. ಕಟ್ಟುನಿಟ್ಟಿನವರು ಆರ್ಡರ್ ಕೊಡುವಾಗಲೇ ಸಪ್ಲೈಯರ್‌ಗೆ ಹೇಳಬೇಕು. ಹೇಳಿದರೆ ತೊಳೆದ ಸೌಟು ತೆಗೆಯುತ್ತಾರೆ.

ಗೋಬಿ ಡ್ರೈ 150 ರೂಪಾಯಿ, ವೆಜ್ ಫ್ರೈಡ್ ರೈಸ್ 160. ಒಂದು ಪ್ಲೇಟ್ ರೈಸ್ ಇಬ್ಬರಿಗೆ ಸಾಲದು, ಒಬ್ಬರಿಗೆ ಮಿಗುತ್ತದೆ. ಪಾರ್ಸೆಲ್ ಒಯ್ಯುವವರು ಗೋಬಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಸಬೇಡಿ, ಹಬೆ ಕಟ್ಟಿ ಮನೆ ಮುಟ್ಟುವಷ್ಟರಲ್ಲಿ ಬೋಂಡಾ ಆಗಿರುತ್ತದೆ. ಪೇಪರ್ ಕವರಿಗೆ ಹಾಕಿಸಿ ಬಾಯಿ ತೆರೆದೇ ಹಿಡಿದು ಹೋಗಿ.